ಲಾರೆನ್ಸ್ ಪೊರ್ಬುಗಳ ಗಿಟಾರಿಗೆ ಮೂರು ಪೆಟ್ಟಿಗೆ

ಗಿಟಾರಿಗೆ ಯಾವ ಆಂಪ್ಲಿಫೈಯರ್ ಒಳ್ಳೆಯದು ಎಂದು ಕೇಳಲು ಈಗಲೂ ನನ್ನ ಹತ್ತಿರ ಜನ ಬರುತ್ತಾರೆ. ಹೆಚ್ಚಿನವರು ಸೌಂಡಿನ ಕೆಲಸಕ್ಕೆ ಹೊಸದಾಗಿ ಇಳಿದವರು. ರೇಡಿಯೋ, ಲೌಡ್‌ಸ್ಪೀಕರುಗಳ ನಡುವೆ ತಲೆ ನರೆಸಿಕೊಂಡ ಈ ಮುದುಕನಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ಅವರ ಎಣಿಕೆ. ನಾನು ವಿವರಿಸಲು ಹೊರಡುತ್ತೇನೆ. ಅರ್ಧಕ್ಕೆ ಬರುವಷ್ಟರಲ್ಲಿ ನನಗೇ ಗೊಂದಲ ಹತ್ತಿಕೊಳ್ಳುತ್ತದೆ. ನುಡಿಸುವುದು ಯಾರು, ಕೇಳುವುದು ಯಾರು, ಜಾಗ ಎಂಥದ್ದು ಎಂದು ತಿರುಗಿ ಅವರನ್ನೇ ಕೇಳುತ್ತೇನೆ. ಇವರಿಗೆ ವಯಸ್ಸಾಯಿತು ಎಂದುಕೊಂಡು ಅವರು ಎದ್ದು ಹೋಗುತ್ತಾರೆ.

ವಯಸ್ಸಾದದ್ದು ಹೌದು. ಆದರೆ ಈ ಗೊಂದಲ ವಯಸ್ಸಿನಿಂದ ಬಂದದ್ದಲ್ಲ. ನಾನು ಇನ್ನೂ ಮದುವೆಯಾಗದ ತರುಣನಾಗಿದ್ದಾಗಲೇ ಅದು ನನ್ನನ್ನು ಹಿಡಿಯಿತು. ಲಾರೆನ್ಸ್ ಎಂಬ ಗಿಟಾರ್ ವಾದಕರೂ ಅವರ ಮಗಳು ಮೋನಿಕಾಳೂ ನಮ್ಮ ಅಂಗಡಿಗೆ ಬಂದ ವರ್ಷ ಅದು. ಅವರ ಕಥೆಯನ್ನೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಬರುವವರು ಅದರಿಂದ ಏನು ಬೇಕೋ ತೆಗೆದುಕೊಳ್ಳಲಿ.

ಯುದ್ಧ ಆಗಷ್ಟೇ ಮುಗಿದಿತ್ತು. ನಾನು ಬಜಪೆ ಕಡೆಯ ಬೇಸಾಯದ ಮನೆಯವನು. ಸೈನ್ಯದ ವಯರ್‌ಲೆಸ್ ವಿಭಾಗದಲ್ಲಿ ಬೆಸುಗೆ ಹಾಕುವುದನ್ನೂ ರೇಡಿಯೋದ ಗಾಜಿನ ವಾಲ್ವು ಬದಲಿಸುವುದನ್ನೂ ಕಲಿತು ಊರಿಗೆ ಮರಳಿದ್ದೆ. ಗದ್ದೆಗೆ ಇಳಿಯಲು ಮನಸ್ಸಾಗಲಿಲ್ಲ. ಕೊಡಿಯಾಲ್‌ಬೈಲಿನಲ್ಲಿ ತ್ಯಾಂಪಣ್ಣ ಶೆಟ್ಟರು ಎಂಬವರು ಒಂದು ಹಂಚಿನ ಕಟ್ಟಡದಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದರು. ರೇಡಿಯೋ ರಿಪೇರಿ, ಸಭೆ ಸಮಾರಂಭಗಳಿಗೆ ಲೌಡ್‌ಸ್ಪೀಕರು ಬಾಡಿಗೆಗೆ ಕೊಡುವುದು, ಇವೆರಡು ಅಲ್ಲಿನ ಕೆಲಸ. ನಾನು ಅಲ್ಲಿ ಮೆಕ್ಯಾನಿಕ್ ಆಗಿ ಸೇರಿದೆ.

ಶೆಟ್ಟರು ದೊಡ್ಡ ಭೂಮಿ ಇದ್ದ ಮನೆತನದವರು. ನಾವೆಲ್ಲ ಅವರನ್ನು ಧಣಿ ಎಂದೇ ಕರೆಯುತ್ತಿದ್ದೆವು. ಅವರಿಗೆ ರೇಡಿಯೋ ಎಂದರೆ ಹುಚ್ಚು, ಆದರೆ ಅದರ ಒಳಗೆ ಏನಿದೆ ಎಂದು ಕೊನೆಯವರೆಗೂ ಅವರು ತಿಳಿದುಕೊಳ್ಳಲಿಲ್ಲ. ಗಿರಾಕಿ ಯಾವ ದೂರು ಹೇಳಿದರೂ ಅವರ ಉತ್ತರ ಒಂದೇ: "ಇದಕ್ಕಿಂತ ದೊಡ್ಡದು ಕೊಡು ಮಾರಾಯ." ಭಾಷಣ ಸ್ಪಷ್ಟವಾಗಿ ಕೇಳಲಿಲ್ಲ ಎಂದರೆ ದೊಡ್ಡದು. ಗುಂಯ್‌ಗುಡುತ್ತದೆ ಎಂದರೂ ದೊಡ್ಡದು. ಅಚ್ಚರಿಯೆಂದರೆ ಎಷ್ಟೋ ಸಲ ಇದರಿಂದಲೇ ಗಿರಾಕಿಗಳು ಸಮಾಧಾನವಾಗಿ ಹೋಗುತ್ತಿದ್ದರು.

ಆಗ ಈಗಿನಂತೆ ಬಗೆಬಗೆಯ ಮೀಟರುಗಳು ಇರಲಿಲ್ಲ. ಇದ್ದ ಒಂದು ಮೀಟರಿನ ಮುಳ್ಳು ತನಗೆ ಮನಸ್ಸು ಬಂದ ಕಡೆ ನಿಲ್ಲುತ್ತಿತ್ತು. ನಮ್ಮ ಪರೀಕ್ಷೆಯೆಲ್ಲ ಬೆರಳಿನದು. ವಾಲ್ವಿನ ನೆತ್ತಿಯ ಮೇಲಿನ ಲೋಹದ ಟೊಪ್ಪಿಗೆ ಬೆರಳು ತಾಗಿಸಬೇಕು, ಸ್ಪೀಕರು ಗುಂಯ್ ಎನ್ನಬೇಕು. ಗುಂಯ್ ಎಂದರೆ ಅಲ್ಲಿಂದ ಮುಂದೆ ಎಲ್ಲ ಸರಿ, ಎನ್ನದಿದ್ದರೆ ದೋಷ ಆ ಕಡೆ ಉಂಟು. ಬೆರಳು, ಕಿವಿ, ಮೂಗು. ಸುಟ್ಟ ಮೇಣದ ವಾಸನೆ ಬಂದರೆ ಟ್ರಾನ್ಸ್‌ಫಾರ್ಮರ್ ಹೋಯಿತು ಎಂದು ಮುಚ್ಚಳ ತೆರೆಯುವ ಮೊದಲೇ ಹೇಳಬಹುದಿತ್ತು.

ಲಾರೆನ್ಸರು ಒಳಗೆ ಬಂದ ದಿನ ಅವರಿಗಿಂತ ಮೊದಲು ಬಂದದ್ದು ಆ ವಾಸನೆಯೇ. ಎತ್ತರದ ಆಳು, ಬಿಳಿ ಕೋಟು, ಐವತ್ತು ದಾಟಿದ ಮುಖ. ಕೈಯಲ್ಲಿ ಚರ್ಮದ ಹೊದಿಕೆಯ ಒಂದು ಚಿಕ್ಕ ಪೆಟ್ಟಿಗೆ. ಹಿಂದೆ ಗಿಟಾರಿನ ಚೀಲ ಹಿಡಿದುಕೊಂಡು ಅವರ ಮಗಳು. ನಮ್ಮಲ್ಲಿ ಕ್ರೈಸ್ತ ಹಿರಿಯರನ್ನು ತುಳುವಿನಲ್ಲಿ ಪೊರ್ಬುಗಳು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ರೂಢಿ. ಹಾಗೆ ಅವರು ನನಗೆ ಲಾರೆನ್ಸ್ ಪೊರ್ಬುಗಳು. ನಮ್ಮ ಮಾತುಕತೆ ನಡೆದದ್ದು ಹೆಚ್ಚಾಗಿ ತುಳುವಿನಲ್ಲಿ. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ಬೊಂಬಾಯಿಯ ಹೋಟೆಲುಗಳಲ್ಲಿ, ಹಡಗುಗಳಲ್ಲಿ ವಾದ್ಯಮೇಳದ ಜೊತೆ ನುಡಿಸಿದವರು. ಹೆಂಡತಿ ತೀರಿಹೋದ ಮೇಲೆ ಬಿಜೈಯಲ್ಲಿದ್ದ ತಮ್ಮ ಮನೆಗೆ ಮರಳಿ, ಮಗಳನ್ನು ಜೊತೆಗಿಟ್ಟುಕೊಂಡು ಮದುವೆ ಮನೆಗಳಲ್ಲಿ ನುಡಿಸುತ್ತಿದ್ದರು. ಅದೇ ಅವರ ಜೀವನೋಪಾಯ. ಅವರದು ಹವಾಯಿಯನ್ ಗಿಟಾರು. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುತ್ತಾರೆ. ಅವರ ಗಿಟಾರಿಗೆ ತಂತಿಯ ಕೆಳಗೆ ಅಯಸ್ಕಾಂತ ಇತ್ತು, ಒಂದು ವಯರು ಹೊರಗೆ ಬರುತ್ತಿತ್ತು. ಅಂಥದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದರ ಜೊತೆಗಿನ ಆಂಪ್ಲಿಫೈಯರೇ ಆ ಚರ್ಮದ ಪೆಟ್ಟಿಗೆ. ಅಮೆರಿಕದ್ದು. ಆ ದೇಶದ ಕರೆಂಟು ನಮ್ಮದರ ಅರ್ಧ ಜೋರಿನದು ಎಂಬುದು ಗೊತ್ತಿಲ್ಲದೆ ಅವರು ಮನೆಯ ಗೋಡೆಗೆ ಪ್ಲಗ್ ಚುಚ್ಚಿದ್ದರು.

"ಹೊಗೆ ಬಂತು," ಎಂದರು ಪೊರ್ಬುಗಳು. "ಆದರೆ ಹೊಗೆ ಬರುವ ಮೊದಲು ಒಂದು ಸ್ವರ ಬಂತು ಮಾರಾಯ. ಅಂಥ ಸ್ವರ ನಾನು ಈವರೆಗೆ ಕೇಳ್ಲಿಲ್ಲ. ನನಗೆ ಅದು ಬೇಕು."

ನಾನು ಮುಚ್ಚಳ ಬಿಚ್ಚಿ ನೋಡಿದೆ. ಟ್ರಾನ್ಸ್‌ಫಾರ್ಮರ್ ಕರಗಿ ಕೆಳಗೆ ಇಳಿದಿತ್ತು. ವಾಲ್ವುಗಳು ನಮ್ಮ ಕಡೆ ಸಿಗುವ ಜಾತಿಯವಲ್ಲ. ರಿಪೇರಿ ಆಗುವುದಿಲ್ಲ ಎಂದೆ. ಧಣಿ ಕುರ್ಚಿಯಿಂದಲೇ ಕೂಗಿದರು: "ಇದು ಪಾಪದ ಪೆಟ್ಟಿಗೆ, ಶಕ್ತಿ ಇಲ್ಲ. ನಮ್ಮ ದೊಡ್ಡದಕ್ಕೆ ಜೋಡಿಸು."

ನಮ್ಮ ದೊಡ್ಡದು ಎಂದರೆ ಸಭೆಗಳಿಗೆ ಕಳಿಸುವ ಆಂಪ್ಲಿಫೈಯರು, ಅದಕ್ಕೆ ತಾವರೆ ಹೂವಿನ ಹಾಗೆ ಬಾಯಿ ತೆರೆದ ಹಾರ್ನು. ಜೋಡಿಸಿದೆ. ಪೊರ್ಬುಗಳು ಉಕ್ಕನ್ನು ಜಾರಿಸಿದರು. ತಗಡಿನ ಡಬ್ಬಿಯೊಳಗೆ ಬೆಕ್ಕು ಕೂಗಿದ ಹಾಗೆ ಬಂತು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಭಾಷಣಕ್ಕೆ ಹೇಳಿ ಮಾಡಿಸಿದ ಹಾರ್ನಿನಲ್ಲಿ ಸಂಗೀತದ ಕೆಳಗಿನ ಸ್ವರಗಳು ಹೊರಗೇ ಬರುವುದಿಲ್ಲ ಎಂಬುದು ಅಂದು ನನಗೆ ಅರ್ಥವಾಯಿತು.

"ಇದರಲ್ಲಿ ಮಾಂಸ ಇಲ್ಲ, ಬರೀ ಎಲುಬು," ಎಂದರು ಪೊರ್ಬುಗಳು.

ನನಗೆ ಮೊದಲ ತಲೆನೋವು ಅಲ್ಲಿಂದ ಶುರು. ಗಿಟಾರಿನವರ ಭಾಷೆಯೇ ಬೇರೆ. ಮಾಂಸ ಬೇಕು, ಸ್ವಲ್ಪ ಹಸಿ ಇರಬೇಕು, ತುದಿ ಚೂಪಾಗಬೇಕು, ಹೊಟ್ಟೆ ತುಂಬಿರಬೇಕು. ನನ್ನ ಕೈಯಲ್ಲಿ ಇದ್ದದ್ದು ರೆಸಿಸ್ಟರು, ಕಂಡೆನ್ಸರು. ಯಾವ ಕಂಡೆನ್ಸರು ಹಾಕಿದರೆ ಹಸಿಯಾಗುತ್ತದೆ ಎಂದು ಯಾರನ್ನು ಕೇಳುವುದು?

ಹಾರ್ನು ಬಿಟ್ಟು, ಒಳ್ಳೆಯ ರೇಡಿಯೋ ಒಂದರ ಹಿಂದೆ ಗ್ರಾಮಫೋನಿಗೆಂದು ಇದ್ದ ತೂತಿಗೆ ಗಿಟಾರನ್ನು ಜೋಡಿಸಿ ಅವರ ಮನೆಗೇ ಒಯ್ದೆ. ಎ.ಸಿ., ಡಿ.ಸಿ. ಎರಡೂ ಬಗೆಯ ಕರೆಂಟಿನಲ್ಲಿ ನಡೆಯುವಂತೆ ಮಾಡಿದ, ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟು ಅದು. ಹಗುರ, ಒಯ್ಯಲು ಸುಲಭ. ಧ್ವನಿ ಮೆತ್ತಗೆ, ದುಂಡಗೆ ಬಂತು. ಪೊರ್ಬುಗಳು ಬೂಟು ಹಾಕಿಕೊಂಡು ಚಾಪೆಯ ಮೇಲೆ ಕುರ್ಚಿ ಇಟ್ಟು ನುಡಿಸಿದರು, ಖುಷಿಯಾದರು. ಎದ್ದು ಒಳಗೆ ಹೋದಾಗ ಮೋನಿಕಾ ತಂತಿ ಸರಿಮಾಡಲು ಗಿಟಾರನ್ನು ಮುಟ್ಟಿದಳು. ಆಗಷ್ಟೇ ನೆಲ ಒರೆಸಿದ್ದರು, ಅವಳು ಬರಿಗಾಲಿನಲ್ಲಿದ್ದಳು. ಹಿಂದಕ್ಕೆ ಎಸೆದ ಹಾಗೆ ಹೋಗಿ ಗೋಡೆಗೆ ಬಡಿದು ಕೂತಳು.

"ಕಚ್ಚಿತು," ಎಂದಳು. ಮುಖ ಬಿಳಿಚಿಕೊಂಡಿತ್ತು.

ನಾನು ಓಡಿಹೋಗಿ ಪ್ಲಗ್ ಕಿತ್ತೆ. ಸೆಟ್ಟಿನೊಳಗೆ ಎಲ್ಲಿಯೂ ವಯರು ತಾಗಿರಲಿಲ್ಲ. ಮತ್ತೆ ಪ್ಲಗ್ ಹಾಕಿ, ಬೂಟು ಕಳಚಿ, ಅದೇ ಒದ್ದೆ ನೆಲದಲ್ಲಿ ನಿಂತು ಹೆದರುತ್ತಲೇ ತಂತಿ ಮುಟ್ಟಿದೆ. ಏನೂ ಆಗಲಿಲ್ಲ.

ಪೊರ್ಬುಗಳು ಹೊರಗೆ ಬಂದು ನಕ್ಕರು. ಮಗಳನ್ನು ಅವರು ಬಾಯೆ ಎಂದೇ ಕರೆಯುವುದು. "ಬಾಯೆ, ನಿನಗೆ ಭ್ರಮೆ. ನಾನು ಇಷ್ಟು ಹೊತ್ತು ನುಡಿಸಿದೆನಲ್ಲ?"

"ಪಪ್ಪಾ, ಭ್ರಮೆಗೆ ಕೈ ಹೀಗೆ ಮರಗಟ್ಟುತ್ತದಾ?"

ಯಾರನ್ನು ನಂಬುವುದೆಂದು ನನಗೆ ತಿಳಿಯಲಿಲ್ಲ. ಅವಳು ಎದ್ದು ಪ್ಲಗ್ ಕಿತ್ತಳು, ಅದನ್ನು ಕೈಯಲ್ಲಿ ತಿರುಗಿಸಿ ನೋಡಿದಳು, ಮತ್ತೆ ಚುಚ್ಚಿದಳು. "ಈಗ ಮುಟ್ಟಿ ಕಾಂತಪ್ಪ," ಎಂದಳು. ಮುಟ್ಟಿದೆ. ಮೊಣಕೈಯವರೆಗೆ ಯಾರೋ ಕೋಲಿನಿಂದ ಹೊಡೆದ ಹಾಗಾಯಿತು.

ಸಂಗತಿ ಇಷ್ಟೇ. ಎರಡು ಕಾಲಿನ ಪ್ಲಗ್ಗನ್ನು ಹೇಗೆ ಬೇಕಾದರೂ ತಿರುಗಿಸಿ ಹಾಕಬಹುದಿತ್ತು. ಒಂದು ದಿಕ್ಕಿನಲ್ಲಿ ಹಾಕಿದರೆ ಸೆಟ್ಟಿನೊಳಗಿನ ತಗಡಿಗೆ ಕರೆಂಟು ನೇರ ಬರುತ್ತಿತ್ತು. ಪೊರ್ಬುಗಳನ್ನು ಬೂಟೂ ಚಾಪೆಯೂ ಕಾದಿದ್ದವು, ನನ್ನ ಸರದಿಯಲ್ಲಿ ಪ್ಲಗ್ ಇನ್ನೊಂದು ದಿಕ್ಕಿಗೆ ಬಿದ್ದಿತ್ತು. ರೇಡಿಯೋ ಮಾತ್ರ ಆಗಿದ್ದರೆ ಮರದ ಪೆಟ್ಟಿಗೆ ನಮ್ಮನ್ನು ಕಾಯುತ್ತದೆ. ಗಿಟಾರು ಜೋಡಿಸಿದೊಡನೆ ಆ ತಗಡೂ ಗಿಟಾರಿನ ತಂತಿಯೂ ಒಂದೇ ಆಯಿತು. ರೇಡಿಯೋ ನನಗೆ ಗೊತ್ತಿತ್ತು. ಅದರ ತುದಿಗೆ ಮನುಷ್ಯರ ಕೈ ಬಂದರೆ ಅದು ಬೇರೆಯೇ ಯಂತ್ರವಾಗುತ್ತದೆ ಎಂಬುದು ಹೊಳೆದಿರಲಿಲ್ಲ. ಆ ಸೆಟ್ಟನ್ನು ಅಂದೇ ವಾಪಸು ತಂದೆ. ಹೊಸಬರಿಗೆ ನಾನು ಖಚಿತವಾಗಿ ಹೇಳಬಲ್ಲ ಮಾತು ಇದೊಂದೇ: ಜನ ಮುಟ್ಟುವ ವಾದ್ಯಕ್ಕೆ ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟನ್ನು ಎಂದಿಗೂ ಜೋಡಿಸಬೇಡಿ.

ಧಣಿ ಸುಮ್ಮನಿರಲಿಲ್ಲ. ಯಾವುದೋ ಸಿನಿಮಾ ಮಂದಿರದಿಂದ ಹಳೆಯ ಟಾಕಿ ಆಂಪ್ಲಿಫೈಯರನ್ನು ಎತ್ತಿನ ಗಾಡಿಯಲ್ಲಿ ಹೇರಿಸಿ ತಂದರು. ಕಪಾಟಿನಷ್ಟು ಎತ್ತರ. ಒಳಗೆ ಕೈಯಷ್ಟು ಉದ್ದದ ವಾಲ್ವುಗಳು. ಅದರ ಸ್ಪೀಕರನ್ನು ಒಂದು ದೊಡ್ಡ ಮರದ ಪೆಟ್ಟಿಗೆಯಲ್ಲಿ ಕೂರಿಸಿದೆ. ಪೊರ್ಬುಗಳು ಒಂದು ತಂತಿ ಮೀಟಿದರು. ಅಂಗಡಿಯ ಗಾಜುಗಳು ನಡುಗಿದವು. ನನಗೆ ಅದು ಬಹಳ ಚೆನ್ನಾಗಿ ಕೇಳಿತು, ಮೋನಿಕಾಳ ಕಣ್ಣೂ ಅರಳಿತು. ಧಣಿ ಎದ್ದು ನಿಂತು ಸುತ್ತ ನೋಡಿದರು, ನಾನು ಹೇಳಲಿಲ್ಲವೇ ಎಂಬಂತೆ.

ಪೊರ್ಬುಗಳು ತಲೆ ಆಡಿಸಿದರು. "ದೊಡ್ಡದಾಯಿತು. ಮೇಲಿನ ಸ್ವರ ಎಲ್ಲಿ ಉಂಟು?"

"ಉಂಟಲ್ಲ ಪಪ್ಪಾ," ಎಂದಳು ಮೋನಿಕಾ.

"ನಿನಗೆ ಎಂತ ಗೊತ್ತು? ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಉಂಟು."

ನಾನು ಒಂದು ಕಂಡೆನ್ಸರು ತೆಗೆದೆ, ಧ್ವನಿ ಚೂಪಾಯಿತು. ಸಾಲದು ಎಂದರು. ಇನ್ನೊಂದು ಬದಲಿಸಿದೆ. ಈಗ ಸ್ವಲ್ಪ ಬಂತು, ಇನ್ನೂ ಬೇಕು ಎಂದರು. ನನಗೆ ಹಲ್ಲು ಜುಮ್ಮೆನ್ನುವಷ್ಟಾಗಿತ್ತು. ಬೊಂಬಾಯಿ ಕಂಡವರು, ದೊಡ್ಡ ವಾದಕರು, ಸಂಗೀತದ ಕಿವಿ ನನಗೇ ಇಲ್ಲದಿರಬೇಕು ಎಂದುಕೊಂಡೆ. ಅವರಿಗೆ ಸಮಾಧಾನವಾಗುವವರೆಗೆ ಚೂಪು ಮಾಡಿಕೊಟ್ಟೆ.

ಅದನ್ನು ಒಂದು ನಿಶ್ಚಿತಾರ್ಥಕ್ಕೆ ಒಯ್ದರು, ನಾನೂ ಹೋಗಿದ್ದೆ. ಪೊರ್ಬುಗಳು ಕಣ್ಣು ಮುಚ್ಚಿ ತನ್ಮಯರಾಗಿ ನುಡಿಸುತ್ತಿದ್ದರು. ಮುಂದಿನ ಸಾಲಿನ ಮುದುಕಿಯರು ಸೆರಗನ್ನು ಕಿವಿಗೆ ಒತ್ತಿಕೊಂಡರು. ಕುರ್ಚಿಗಳು ಒಂದೊಂದಾಗಿ ಹಿಂದೆ ಸರಿದವು. ಒಂದು ಮಗು ಅಳಲು ಶುರುಮಾಡಿ ನಿಲ್ಲಿಸಲೇ ಇಲ್ಲ. ಮೋನಿಕಾಳ ಮಾಮೂಲು ಮರದ ಗಿಟಾರಿಗೆ ಪೆಟ್ಟಿಗೆ ಇರಲಿಲ್ಲ. ಅವಳು ನುಡಿಸುತ್ತಿದ್ದಾಳೆ ಎಂದು ಕೈ ಆಡುವುದನ್ನು ನೋಡಿಯೇ ತಿಳಿಯಬೇಕಿತ್ತು. ಅವಳು ತಂದೆಯನ್ನು ನೋಡುತ್ತಿದ್ದಳು, ಆಮೇಲೆ ನನ್ನನ್ನು ನೋಡಿದಳು. ಏನಾದರೂ ಮಾಡಿ ಎಂಬ ನೋಟ. ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

ಆ ವಾರ ಎರಡು ಮನೆಯವರು ಪೊರ್ಬುಗಳಿಗೆ ಕೊಟ್ಟ ಕರೆಯನ್ನು ಹಿಂದೆ ತೆಗೆದುಕೊಂಡರು. ತ್ಯಾಂಪಣ್ಣ ಶೆಟ್ಟರ ಯಂತ್ರ ಕಿವಿ ಹರಿಯುತ್ತದೆ ಎಂದು ಕೊಡಿಯಾಲ್‌ಬೈಲಿನಲ್ಲಿ ಮಾತಾಯಿತು. ಧಣಿ ಮೊದಲ ಬಾರಿಗೆ ದೊಡ್ಡದು ಎಂಬ ಶಬ್ದ ಬಿಟ್ಟು ಬೇರೆ ಮಾತಾಡಿದರು.

"ಕಾಂತಪ್ಪ, ಆ ಪೊರ್ಬುವಿಗೆ ಬೇಕಾದದ್ದು ಎಂತದು? ಜನಕ್ಕೆ ಬೇಕಾದದ್ದು ಎಂತದು? ನನಗೊಂದೂ ಅಂದಾಜಾಗುವುದಿಲ್ಲ."

"ನನಗೂ ಇಲ್ಲ ಧಣಿ," ಎಂದೆ.

ಅಂದಾಜಾದದ್ದು ಒಂದು ಮಧ್ಯಾಹ್ನ, ಬೇರೆ ಯಾರದೋ ರೇಡಿಯೋ ರಿಪೇರಿ ಮಾಡುವಾಗ. ಹಳೆಯ ಸೆಟ್ಟುಗಳಲ್ಲಿ ಒಂದು ದೋಷ ಬರುತ್ತಿತ್ತು. ಸ್ಟೇಶನ್ ಹುಡುಕಲು ತಿರುಪು ತಿರುಗಿಸಿದರೆ ಸೀಟಿ ಏಳುತ್ತಿತ್ತು. ದಪ್ಪ ಸ್ವರದಿಂದ ಹೊರಟು ಸಣ್ಣಗಾಗುತ್ತ, ಸೂಜಿ ಚುಚ್ಚಿದಂತೆ ಮೇಲೆ ಮೇಲೆ ಹೋಗುತ್ತಿತ್ತು. ಲಾರೆನ್ಸ್ ಪೊರ್ಬುಗಳೂ ಮೋನಿಕಾಳೂ ಬೆಂಚಿನಲ್ಲಿ ಕೂತಿದ್ದರು. ಪೊರ್ಬುಗಳು ಬೊಂಬಾಯಿಯ ಯಾವುದೋ ಹೋಟೆಲಿನ ಕಥೆ ಹೇಳುತ್ತಿದ್ದರು. ನಾನು ತಿರುಪು ತಿರುಗಿಸಿದೆ. ಸೀಟಿ ಎದ್ದಿತು.

"ಆ ಗಲಾಟೆ ನಿಲ್ಲಿಸು ಮಾರಾಯ," ಎಂದರು ಪೊರ್ಬುಗಳು.

ನಿಲ್ಲಿಸಲು ಹೋಗಿ ಕೈ ತಪ್ಪಿ ಇನ್ನಷ್ಟು ತಿರುಗಿಸಿದೆ. ಸೀಟಿ ವಿಪರೀತ ಮೇಲೇರಿತು. ಧಣಿ ಎರಡೂ ಕಿವಿ ಮುಚ್ಚಿಕೊಂಡರು. ಮೋನಿಕಾ ಮುಖ ಕಿವುಚಿದಳು. ಪೊರ್ಬುಗಳು ಮಾತ್ರ, "ಹಾಂ, ಈಗ ಸರಿಯಾಯಿತು," ಎಂದು ಹೇಳಿ ಕಥೆ ಮುಂದುವರಿಸಿದರು.

ನನ್ನ ಕೈ ತಿರುಪಿನ ಮೇಲೆಯೇ ನಿಂತಿತು. ಸ್ವಲ್ಪ ಕೆಳಗೆ ತಂದೆ. ಅವರ ಹುಬ್ಬು ಗಂಟಾಯಿತು. ಮೇಲೆ ಒಯ್ದೆ. ಹುಬ್ಬು ಸಡಿಲವಾಯಿತು. ತಲೆ ಎತ್ತಿದಾಗ ಮೋನಿಕಾ ನನ್ನ ಕೈಯನ್ನೇ ನೋಡುತ್ತಿದ್ದಳು.

ನಾನು ಸೆಟ್ಟು ಆರಿಸಿ ಹಿತ್ತಿಲ ಕಡೆಗೆ ಹೋದೆ. ಅವಳು ಹಿಂದೆಯೇ ಬಂದಳು.

"ಬಾಯಮ್ಮ, ಪೊರ್ಬುಗಳಿಗೆ..."

"ಹೌದು. ನನಗೆ ಸಂಶಯ ಇತ್ತು. ಚರ್ಚಿನ ಸಣ್ಣ ಗಂಟೆ ಕೇಳುವುದಿಲ್ಲ ಅವರಿಗೆ. ನಾನು ಒಳಗಿನಿಂದ ಕರೆದರೆ ಬರುವುದಿಲ್ಲ. ಸಿಟ್ಟು ಅಂತ ತಿಳಿದಿದ್ದೆ."

"ಹೇಳ್ಬೇಕಲ್ಲ ಅವರಿಗೆ."

"ಹೇಳಬೇಡಿ ಕಾಂತಪ್ಪ. ಕೇಳಿದ ದಿನವೇ ಗಿಟಾರು ಕೆಳಗಿಡ್ತಾರೆ. ಮಮ್ಮಿ ಹೋದ ಮೇಲೆ ಅವರಿಗೆ ಬೇರೆ ಎಂತ ಉಂಟು?"

ಸಂಜೆ ಧಣಿಗೆ ಹೇಳಿದೆ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಹೇಳದಿದ್ದರೆ ನಮ್ಮ ಸಾಮಾನು ಹಾಳು ಎಂದು ಊರಿಡೀ ಹೇಳ್ತಾರೆ. ಹೇಳಿದರೆ ಆ ಮನುಷ್ಯನನ್ನು ನಾವೇ ಮೂಲೆಗೆ ಕೂರಿಸಿದ ಹಾಗೆ," ಎಂದರು. ಒಂದು ಗಿಟಾರಿಗೆ ಒಂದು ಪೆಟ್ಟಿಗೆ ಎಂದುಕೊಂಡೇ ನಾನು ಅದುವರೆಗೆ ತಲೆ ಕೆಡಿಸಿಕೊಂಡಿದ್ದೆ. ನುಡಿಸುವವರಿಗೆ ಒಂದು, ಕೇಳುವವರಿಗೆ ಒಂದು ಯಾಕೆ ಇಡಬಾರದು ಎಂದು ಆಗ ಹೊಳೆಯಿತು. ಒಂದೇ ವಯರನ್ನು ಕವಲಾಗಿಸಿ ಎರಡು ಆಂಪ್ಲಿಫೈಯರಿಗೆ ಕೊಡಬಹುದು. ಈಗ ಎಲ್ಲ ವೇದಿಕೆಗಳಲ್ಲೂ ವಾದಕರ ಕಡೆಗೆ ಮುಖ ಮಾಡಿದ ಸ್ಪೀಕರು ಇರುತ್ತದೆ. ಆಗ ನಮ್ಮ ಊರಿನಲ್ಲಿ ಹಾಗೆ ಇಟ್ಟದ್ದನ್ನು ನಾನು ನೋಡಿರಲಿಲ್ಲ. ಮಾಡಿದರೆ ಸರಿಯಾಗುತ್ತದೋ, ಎರಡರ ಧ್ವನಿ ಒಂದಕ್ಕೊಂದು ಜಗಳವಾಡುತ್ತದೋ, ಅದೂ ಗೊತ್ತಿರಲಿಲ್ಲ.

ಟಾಕಿ ಯಂತ್ರದಲ್ಲಿ ತೆಗೆದ ಕಂಡೆನ್ಸರುಗಳನ್ನು ಮತ್ತೆ ಹಾಕಿ ಧ್ವನಿಯನ್ನು ಮೃದು ಮಾಡಿದೆ. ಅದು ಸಭೆಗೆ. ಸೈನ್ಯದವರು ಹರಾಜು ಹಾಕಿದ ಸಾಮಾನಿನಲ್ಲಿ ಸಿಕ್ಕ ಒಂದು ಆಂಪ್ಲಿಫೈಯರನ್ನು ಆದಷ್ಟು ಚೂಪು ಮಾಡಿ ಚಿಕ್ಕ ಪೆಟ್ಟಿಗೆಯಲ್ಲಿ ಕೂರಿಸಿದೆ. ಅದು ಪೊರ್ಬುಗಳಿಗೆ. ಮೂರನೆಯದು ಮೋನಿಕಾಳಿಗೆ. ಅದನ್ನು ಕೇಳಿದ್ದು ಅವಳೇ.

"ಎಲ್ಲರೂ ಪಪ್ಪನ ಸ್ವರದ ವಿಷಯ ಹೇಳ್ತೀರಿ," ಎಂದಳು. "ನಾನೂ ನುಡಿಸ್ತೇನಲ್ಲ? ನನ್ನದು ಯಾರಿಗೆ ಕೇಳ್ತದೆ?"

ಟ್ರಾನ್ಸ್‌ಫಾರ್ಮರ್ ಇರುವ, ಕಚ್ಚದ ಒಂದು ರೇಡಿಯೋವನ್ನು ಅವಳ ಗಿಟಾರಿಗೆ ಹೊಂದಿಸಿ, ಮರಕ್ಕೆ ಸಣ್ಣ ಮೈಕನ್ನು ಅಂಟಿಸಿಕೊಟ್ಟೆ. ಅವಳು ಒಬ್ಬಳೇ ನುಡಿಸಿದ್ದನ್ನು ಸರಿಯಾಗಿ ಕೇಳಿದ್ದು ಆಗಲೇ. ಅಷ್ಟು ಒಳ್ಳೆಯ ಕೈ ಅವಳದೆಂದು ನನಗೆ ತಿಳಿದಿರಲಿಲ್ಲ. ತಂದೆಯ ಹವಾಯಿಯನ್ ಗಿಟಾರನ್ನೂ ಮನೆಯಲ್ಲಿ ನುಡಿಸಿ ಕಲಿತಿದ್ದಳಂತೆ.

ಪೊರ್ಬುಗಳ ತಂಗಿಯ ಮಗನ ಮದುವೆ ಕೊಡಿಯಾಲ್‌ಬೈಲಿನ ಒಂದು ಶಾಲೆಯ ಸಭಾಂಗಣದಲ್ಲಿತ್ತು. ಸ್ವಂತ ಮನೆಯವರಾದ್ದರಿಂದ ಮಾತ್ರ ಇವರನ್ನು ಕರೆದಿದ್ದರು. ಇಲ್ಲಿಯೂ ಜನ ಕಿವಿ ಮುಚ್ಚಿಕೊಂಡರೆ ಇನ್ನು ಮುಂದೆ ಕರೆ ಬರುವುದಿಲ್ಲ ಎಂದು ಮೋನಿಕಾಳಿಗೆ ಗೊತ್ತಿತ್ತು. ಸಭೆಯ ಪೆಟ್ಟಿಗೆಯನ್ನು ವೇದಿಕೆಯ ಮುಂದೆ ಜನರ ಕಡೆಗೆ ತಿರುಗಿಸಿ ಇಟ್ಟೆ. ಚಿಕ್ಕದನ್ನು ಪೊರ್ಬುಗಳ ಎದುರಿಗೆ, ಅವರ ಮುಖದ ಕಡೆಗೆ ತಿರುಗಿಸಿ ನೆಲದಲ್ಲಿ ಇಟ್ಟೆ.

"ಇದು ಯಾಕೆ ನನ್ನ ಕಡೆ ನೋಡ್ತದೆ?" ಎಂದರು.

"ನಿಮಗೆ ಸರಿಯಾಗಿ ಕೇಳಲಿ ಎಂದು, ಪೊರ್ಬುಗಳೇ," ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಗಿಟಾರನ್ನು ತೊಡೆಗೆ ಎತ್ತಿಕೊಂಡರು.

ಮೊದಲ ಎರಡು ಹಾಡು ಚೆನ್ನಾಗಿ ಆಯಿತು. ಯಾರೂ ಕಿವಿ ಮುಚ್ಚಲಿಲ್ಲ, ಕುರ್ಚಿ ಸರಿಯಲಿಲ್ಲ. ಮೋನಿಕಾಳ ಗಿಟಾರು ಕೆಳಗಿನ ಸ್ವರಗಳಿಂದ ಹಾಡನ್ನು ಹಿಡಿದು ನಡೆಸುವುದು ಮೊದಲ ಬಾರಿಗೆ ಕೇಳಿಸಿತು. ಧಣಿ ಬಾಗಿಲ ಬಳಿ ನಿಂತು, ತಾವೇ ನುಡಿಸುತ್ತಿರುವಂತೆ ತಲೆದೂಗುತ್ತಿದ್ದರು. ಮೂರನೆಯ ಹಾಡಿನ ಮಧ್ಯೆ ಪೊರ್ಬುಗಳ ಎದುರಿಗಿದ್ದ ಪೆಟ್ಟಿಗೆಯ ಕೆಂಪು ದೀಪ ಆರಿತು. ವಾಲ್ವು ಹೋಯಿತು ಎಂದುಕೊಂಡೆ. ಬಗ್ಗಿಕೊಂಡೇ ವೇದಿಕೆಯ ಹಿಂದಿನಿಂದ ಹೋದೆ.

ವಾಲ್ವು ಹೋಗಿರಲಿಲ್ಲ. ನೆಲದಲ್ಲಿದ್ದ ಸ್ವಿಚ್ಚಿನ ಹಲಗೆಯಿಂದ ಪ್ಲಗ್ ಹೊರಗೆ ಬಂದು ಬಿದ್ದಿತ್ತು. ಚುಚ್ಚೋಣವೆಂದು ವಯರನ್ನು ಎಳೆದೆ. ಬರಲಿಲ್ಲ. ಪೊರ್ಬುಗಳ ಬೂಟು ಅದರ ಮೇಲಿತ್ತು. ತಲೆ ಎತ್ತಿದೆ. ಅವರು ನುಡಿಸುತ್ತಲೇ ನನ್ನನ್ನು ನೋಡಿ, ಬೇಡ ಎಂದು ತಲೆ ಆಡಿಸಿದರು.

ಹಾಡು ಮೇಲಿನ ಸ್ವರಗಳಿಗೆ ಏರಿತು. ಅವರು ಕಣ್ಣು ಮುಚ್ಚಲಿಲ್ಲ. ಉಕ್ಕಿನ ತುಂಡು ಗಿಟಾರಿನ ಗೆರೆಗಳ ಮೇಲೆ ಸರಿಯಾಗಿ ನಿಲ್ಲುವುದನ್ನು ನೋಡುತ್ತ ನುಡಿಸಿದರು. ಒಂದು ಸ್ವರವೂ ತಪ್ಪಲಿಲ್ಲ. ಇಡೀ ಸಭಾಂಗಣಕ್ಕೆ ಕೇಳುತ್ತಿದ್ದದ್ದು ಅವರಿಗೆ ಕೇಳುತ್ತಿರಲಿಲ್ಲ, ಅದು ಅವರ ಮುಖದಲ್ಲಿ ಗೊತ್ತಾಗುತ್ತಿತ್ತು. ನಾನು ಅಲ್ಲೇ ವೇದಿಕೆಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಎದ್ದು ಹೋಗಬೇಕೋ, ಪ್ಲಗ್ ಕಸಿದು ಚುಚ್ಚಬೇಕೋ, ಒಂದೂ ತೋಚಲಿಲ್ಲ.

ಹಾಡು ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ಪೊರ್ಬುಗಳು ಚಪ್ಪಾಳೆ ಮುಗಿಯುವವರೆಗೆ ಜನರನ್ನೇ ನೋಡಿದರು. ಆಮೇಲೆ ಗಿಟಾರನ್ನು ಎತ್ತಿ ಮಗಳ ತೊಡೆಯ ಮೇಲೆ ಮಲಗಿಸಿದರು, ಉಕ್ಕಿನ ತುಂಡನ್ನು ಅವಳ ಅಂಗೈಯಲ್ಲಿ ಇಟ್ಟರು.

"ನೀನು ನುಡಿಸು ಬಾಯೆ," ಎಂದರು. "ನನಗೆ ಕೇಳುವುದಿಲ್ಲ."

ಮೋನಿಕಾಳ ಕಣ್ಣಿನಲ್ಲಿ ನೀರು ತುಂಬಿತು. ಜನ ಕಾಯುತ್ತಿದ್ದರು. ಅವಳು ಕಣ್ಣು ಒರೆಸಿಕೊಂಡು ಉಕ್ಕನ್ನು ತಂತಿಗೆ ತಾಗಿಸಿದಳು. ಮೊದಲ ಸ್ವರ ಗೆರೆ ತಪ್ಪಿತು. ಮೆಲ್ಲಗೆ ಸರಿಯಾಯಿತು. ಪೊರ್ಬುಗಳು ಅವಳ ಮರದ ಗಿಟಾರನ್ನು ತೆಗೆದುಕೊಂಡು, ಅವಳ ಕೈಯನ್ನು ನೋಡುತ್ತ ಕೆಳಗಿನ ಸ್ವರಗಳನ್ನು ಹಿಡಿದುಕೊಟ್ಟರು. ಅವು ಅವರಿಗೆ ಚೆನ್ನಾಗಿ ಕೇಳುತ್ತಿದ್ದವು.

ಎರಡು ದಿನ ಬಿಟ್ಟು ಅವರು ಒಬ್ಬರೇ ಅಂಗಡಿಗೆ ಬಂದರು. ನಾನು ಎದ್ದು ನಿಂತೆ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತಿರುಗಿಸುತ್ತಿದ್ದೆ.

"ಹೆದರಬೇಡ," ಎಂದರು. "ಪ್ಲಗ್ ಎಳೆದದ್ದು ನಾನೇ. ಆ ಪೆಟ್ಟಿಗೆಯನ್ನು ನನ್ನ ಮುಖಕ್ಕೆ ತಿರುಗಿಸಿದಿಯಲ್ಲ, ಆಗಲೇ ಗೊತ್ತಾಯಿತು. ನನಗೆ ಕೇಳುವುದು ಒಂದು, ಜನಕ್ಕೆ ಕೇಳುವುದು ಇನ್ನೊಂದು. ಜನಕ್ಕೆ ಕೇಳುವುದು ಹೇಗುಂಟು ಅಂತ ನೋಡ್ಬೇಕಿತ್ತು. ನನ್ನದನ್ನು ತೆಗೆದೆ. ಅರ್ಧ ಹಾಡೇ ಇರಲಿಲ್ಲ ಮಾರಾಯ."

"ನಮ್ಮ ಮೇಲೆ ಬೇಸರವಾ ಪೊರ್ಬುಗಳೇ?"

"ಒಂದು ದಿನ ಇತ್ತು. ಮಗಳ ಜೊತೆ ಮಾತಾಡ್ಲಿಲ್ಲ. ಆಮೇಲೆ ಅವಳು ಒಳಗೆ ನುಡಿಸುವುದನ್ನು ಬಾಗಿಲಲ್ಲಿ ನಿಂತು ನೋಡಿದೆ." ಮತ್ತೆ ಕೇಳಿದರು: "ಚೆನ್ನಾಗಿ ನುಡಿಸ್ತಾಳಲ್ಲ? ನಿಜ ಹೇಳು."

"ಚೆನ್ನಾಗಿ ನುಡಿಸ್ತಾರೆ," ಎಂದೆ. ಅದು ನಿಜವೇ ಆಗಿತ್ತು.

ಅಲ್ಲಿಂದ ಮುಂದೆ ಮದುವೆ ಮನೆಗಳಲ್ಲಿ ಹವಾಯಿಯನ್ ಗಿಟಾರು ನುಡಿಸುತ್ತಿದ್ದದ್ದು ಮೋನಿಕಾ. ತಂದೆ ಪಕ್ಕದಲ್ಲಿ ಕೂತು ಮರದ ಗಿಟಾರು ಹಿಡಿಯುತ್ತಿದ್ದರು. ಅವಳಿಗೆ ಬೇಕಾದ ಪೆಟ್ಟಿಗೆ ಯಾವುದೆಂಬುದು ಬೇರೆಯೇ ಕಥೆ. ತಂದೆಗೆ ಸರಿಯಾದದ್ದು ಒಂದೂ ಅವಳಿಗೆ ಸರಿಯಾಗಲಿಲ್ಲ. ನಾನು ಕಲಿತೆ ಎಂದುಕೊಂಡದ್ದನ್ನೆಲ್ಲ ಬಿಟ್ಟು ಮೊದಲಿನಿಂದ ಶುರುಮಾಡಬೇಕಾಯಿತು. ಆಮೇಲೆ ವಾಲ್ವು ಹೋಗಿ ಟ್ರಾನ್ಸಿಸ್ಟರ್ ಬಂತು, ನಾನು ಎಷ್ಟೋ ವಾದಕರಿಗೆ ಎಷ್ಟೋ ಪೆಟ್ಟಿಗೆ ಮಾಡಿಕೊಟ್ಟೆ. ಇಬ್ಬರು ಒಂದೇ ಮಾತು ಹೇಳಿದ್ದು ನನಗೆ ನೆನಪಿಲ್ಲ.

ಮುಖದ ಕಡೆ ತಿರುಗಿಸಿದ್ದ ಆ ಚಿಕ್ಕ ಪೆಟ್ಟಿಗೆಯನ್ನು ಪೊರ್ಬುಗಳು ಮನೆಗೆ ಒಯ್ದರು. ಸಂಜೆ ಒಬ್ಬರೇ ಬಾಗಿಲು ಹಾಕಿಕೊಂಡು, ಹಳೆಯ ಗಿಟಾರೊಂದಕ್ಕೆ ಅದನ್ನು ಜೋಡಿಸಿ ತಮಗಾಗಿ ನುಡಿಸುತ್ತಿದ್ದರು. ಅದರ ಚೂಪು ಸ್ವರ ಬಿಜೈಯ ಆ ಓಣಿಯ ಕೊನೆಯವರೆಗೂ ಹೋಗುತ್ತಿತ್ತು. ಒಂದು ದಿನ ಅವರ ನೆರೆಮನೆಯವರೊಬ್ಬರು ಅಂಗಡಿಗೆ ಬಂದು ಧಣಿಯ ಎದುರು ನಿಂತರು.

"ಶೆಟ್ರೇ, ಲಾರೆನ್ಸರಿಗೆ ಕೊಟ್ಟ ಯಂತ್ರ ಪೂರ್ತಿ ಹಾಳಾಗಿದೆ. ಕಿವಿಗೆ ಸೂಜಿ ಹಾಕಿದ ಹಾಗೆ ಕೇಳ್ತದೆ. ನಿಮ್ಮ ಜನ ಕಳಿಸಿ ರಿಪೇರಿ ಮಾಡಿಸಿ."

ಅಂಗಡಿಯ ಹೆಸರು ಕೆಡುತ್ತದೆಂದು ಅಷ್ಟು ಹೆದರುತ್ತಿದ್ದ ಧಣಿ ಏನು ಹೇಳುತ್ತಾರೆಂದು ನಾನು ಕೈಯ ಕೆಲಸ ನಿಲ್ಲಿಸಿ ನೋಡಿದೆ. ಅವರು ಕುರ್ಚಿಯಿಂದ ಎದ್ದು, ಬಂದವರ ಹೆಗಲ ಮೇಲೆ ಕೈ ಇಟ್ಟು ಮೆಟ್ಟಿಲವರೆಗೆ ಕರೆದುಕೊಂಡು ಹೋದರು.

"ಅದು ಸರಿ ಉಂಟು ಮಾರಾಯ್ರೆ," ಎಂದರು. "ಅದರಲ್ಲಿ ರಿಪೇರಿ ಮಾಡ್ಲಿಕ್ಕೆ ಎಂತದೂ ಇಲ್ಲ. ಆ ಹೊತ್ತಿಗೆ ನಿಮ್ಮ ಕಿಟಕಿಯನ್ನು ಸ್ವಲ್ಪ ಹಾಕಿಕೊಳ್ಳಿ, ಅಷ್ಟೆ."